ಕುದುರೆ ಪಾದಕ್ಕೆ ಬೂಟು ಹೊಲಿಯುವ ಹುಲುಗಪ್ಪ

ಕೊಟ್ಟೂರು ಬಸ್ ನಿಲ್ದಾಣದ ಪಕ್ಕದ ಬೇವಿನ ಮರದಡಿ, ಬೆಳಕು ಹರಿಯುವ ಮೊದಲೇ ಹುಲುಗಪ್ಪ ತೊಗಲು ನೆನೆಹಾಕಿ ಕೂತಿದ್ದಾರೆ. ಮಡಿಲಲ್ಲಿ ಗೇಣುದ್ದದ ಹೊಸ ಬೂಟು. ಒಂದೇ. ಜೋಡಿ ಎಲ್ಲಿ ಎಂದ ನನ್ನನ್ನು ಕನ್ನಡಕದ ಮೇಲಿಂದ ನೋಡುತ್ತಾರೆ. ಇನ್ನೊಂದು ಕಾಲು ನೆಟ್ಟಗಿದೆಯಂತೆ, ಅದಕ್ಕೆ ಅಂಗಡಿ ಚಪ್ಪಲಿಯೇ ಸಾಕಂತೆ.

ಬೂಟು ಉಜ್ಜಿನಿಯ ಆರು ವರ್ಷದ ಮಾರೆಮ್ಮನದು. ಹುಟ್ಟಿದಾಗಲೇ ಬಲಪಾದ ಒಳಕ್ಕೆ ತಿರುಚಿ, ಹಿಮ್ಮಡಿ ಮೇಲೆದ್ದಿತ್ತು. ಡಾಕ್ಟರು ಪ್ಲಾಸ್ಟರ್ ಕಟ್ಟಿ ಕಟ್ಟಿ ತಿದ್ದಿದ ಕಾಲು ಹಳೇ ಚಾಳಿಗೆ ಮರಳದಂತೆ ಹಿಡಿಯುವುದು ಈ ಬೂಟು. ಹೊಲಿಗೆ ತಪ್ಪಿದರೆ ಹುಡುಗಿ ಜೀವನವಿಡೀ ಕುಂಟಬೇಕು. ಹಡಗಲಿಯಿಂದ ಹರಪನಹಳ್ಳಿವರೆಗೆ ಇಂಥ ಹನ್ನೊಂದು ಮಕ್ಕಳು ಇವರನ್ನೇ ನಂಬಿದ್ದಾರೆ.

ಮೂರು ವರ್ಷದ ಹಿಂದೆ, ಎಂಬತ್ತನೇ ಇಸವಿಯಲ್ಲಿ, ಡಾಕ್ಟರು ಬರೆದ ಮಾರೆಮ್ಮನ ಚೀಟಿಯೇ ಮೊದಲು ಬಂದದ್ದು. ಅದರಲ್ಲಿ ‘ಟ್ಯಾಲಿಪೀಸ್ ಇಕ್ವೈನೊವೇರಸ್’ ಎಂದಿತ್ತು. ಹುಲುಗಪ್ಪ ಓದಿದ್ದು ಎರಡನೇ ಕ್ಲಾಸು. ಕಂಪೌಂಡರ್ ಗುರುಸಂಗಪ್ಪ ಬಿಡಿಸಿ ಹೇಳಿದರು: ಅದು ಲ್ಯಾಟಿನ್ ಭಾಷೆ. ಟೇಲಸ್ ಎಂದರೆ ಹರಡಿನ ಮೂಳೆ, ಪೆಸ್ ಎಂದರೆ ಪಾದ, ವೇರಸ್ ಎಂದರೆ ಒಳಕ್ಕೆ ಬಾಗಿದ್ದು, ಇಕ್ವೈನಸ್ ಎಂದರೆ ಕುದುರೆಯದು. ಉಳಿದದ್ದೆಲ್ಲ ಸರಿ, ನಡುವೆ ಈ ಕುದುರೆ ಎಲ್ಲಿಂದ ಬಂತು ಎಂಬುದು ಹುಲುಗಪ್ಪನವರಿಗೆ ಬಗೆಹರಿಯಲಿಲ್ಲ.

ಕಣ್ಣಾರೆ ನೋಡದೆ ಅಟ್ಟೆ ಕೊಯ್ಯುವ ಜಾಯಮಾನ ಅವರದಲ್ಲ. ನೇರ ಟಾಂಗಾ ಸ್ಟ್ಯಾಂಡಿಗೆ ಹೋಗಿ ಬೆನಕಪ್ಪನ ಕುದುರೆಯ ಹಿಂಗಾಲಿಗೆ ದಾರ ಹಿಡಿದು ಅಳೆಯತೊಡಗಿದರು. ತೊಗಲಿನ ಕೆಲಸದವನು ಜೀವಂತ ಕುದುರೆಯ ಅಳತೆ ತೆಗೆದರೆ ಯಜಮಾನನ ಎದೆ ಧಸಕ್ಕೆನ್ನದೇ?

“‘ಲೇ ಹುಲುಗ್ಯಾ, ಅದಿನ್ನೂ ಉಸಿರಾಡಾಕ ಹತ್ತೈತಿ, ಈಗ್ಲೇ ತೊಗಲಿಗೆ ಬಂದಿಯೇನು’ ಅಂತ ಚಾಟಿ ತಗೊಂಡಾ ನೋಡ್ರಿ,” ಎಂದು ಹುಲುಗಪ್ಪ ಹೊಟ್ಟೆ ಹಿಡಿದು ನಗುತ್ತಾರೆ. ಅಷ್ಟರಲ್ಲಿ ನೋಡಬೇಕಾದ್ದನ್ನು ನೋಡಿಯಾಗಿತ್ತು. “ಕುದುರಿ ತುದಿಬೆರಳ ಮ್ಯಾಲ ನಿಂತಿರತೈತ್ರಿ. ಹಿಂದಗಡೆ ನಾವು ಮೊಣಕಾಲು ಅಂತೀವಲ್ಲ, ಅದು ಅದರ ಹಿಮ್ಮಡಿ. ನೆಲಾನ ಮುಟ್ಟಂಗಿಲ್ಲ. ಈ ಕೂಸಿನ ಕಾಲೂ ಹಂಗ ಇತ್ರಿ.”

ಅಂದಿನಿಂದ ಹಿಮ್ಮಡಿಯನ್ನು ಕೆಳಕ್ಕೆಳೆಯುವ ಪಟ್ಟಿ, ಹೊರಬದಿಗೆ ತುಸು ದಪ್ಪ ಅಟ್ಟೆ ಹಾಕಿ ಹೊಲಿಯುತ್ತಿದ್ದಾರೆ. ಆದರೂ ಮಾರೆಮ್ಮನ ಬೂಟು ಪ್ರತಿ ಸಲ ಮೂತಿ ಹರಿದುಕೊಂಡೇ ಬರುತ್ತಿತ್ತು. ಹಿಮ್ಮಡಿ ಮಾತ್ರ ನೆಲವನ್ನೇ ಮುಟ್ಟದೆ ಹೊಚ್ಚ ಹೊಸದು. ಪ್ರತಿ ಸಲ ಹುಲುಗಪ್ಪನವರಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ಉಜ್ಜಿನಿ ಬಸ್ಸು ಬಂದು ನಿಲ್ಲುತ್ತದೆ. ಮಾರೆಮ್ಮ ಇಳಿದು, ಅವ್ವನ ಕೈ ಬಿಡಿಸಿಕೊಂಡು ಬಂದು ಹಳೇ ಬೂಟು ಬಿಚ್ಚಿ ಕೊಡುತ್ತಾಳೆ. ಹುಲುಗಪ್ಪ ಬೂಟು ತಿರುವಿ ನೋಡುತ್ತಾರೆ. ಹಿಮ್ಮಡಿಯ ಮೂಲೆ ಸವೆದು ಮೊಳೆ ಕಾಣುತ್ತಿದೆ. ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಳ್ಳುತ್ತಾರೆ.

“ಹಿಮ್ಮಡಿ ಸವೀತು ಅಂತ ಊರ ಮಂದಿ ಎಲ್ಲಾ ನನ್ನ ಕೂಡ ಜಗಳಕ್ಕ ಬರ್ತಾರ್ರಿ,” ಎನ್ನುತ್ತಾರೆ. “ಈಕಿ ಒಬ್ಬಾಕಿ ಸವೆಸ್ಲಿ ಅಂತ ಮೂರು ವರ್ಷ ಕಾದೀನಿ.”