ಉಗುರಿನ ಮೇಲಿನ ಧೂಪಛಾಂವ್

ಅಕ್ಕನ ಮದುವೆಯ ಆಲ್ಬಮ್ಮಿನಲ್ಲಿ ಅವಳ ಎರಡು ಕೈಗಳದ್ದೇ ಒಂದು ಚಿತ್ರವಿದೆ. ಬಂದವರೆಲ್ಲ ಹಸಿರು ಬಳೆ ನೋಡುತ್ತಾರೆ, ಮೆಹಂದಿ ನೋಡುತ್ತಾರೆ, ‘ಛಲೋ ಬಂದೈತಿ’ ಎಂದು ಪುಟ ತಿರುವುತ್ತಾರೆ. ನಾನು ಮಾತ್ರ ಉಗುರು ನೋಡುತ್ತೇನೆ. ಕೆಂಪು ನೇಲ್ ಪಾಲಿಷ್ ಚರ್ಮವನ್ನು ಮುಟ್ಟುವ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಇದೆ. ಫೋಟೋ ತೆಗೆದವನು ಅದನ್ನು ನೆರಳು ಎಂದುಕೊಂಡಿರಬೇಕು. ಅದು ನೆರಳಲ್ಲ. ಆಗಬೇಕಾಗಿದ್ದು ಆಗದೆ ಉಳಿದದ್ದರ ಗುರುತು.

ನಾನು ಎಲ್ಲದಕ್ಕೂ ತಾರೀಖು ಬರೆದಿಡುವ ಹುಡುಗಿ. ಹಾಲು ಉಕ್ಕಿದ ದಿನ, ಬನಹಟ್ಟಿಯಿಂದ ಜಮಖಂಡಿಯ ಆಫೀಸಿಗೆ ಹೋಗುವ ಬಸ್ಸು ತಪ್ಪಿದ ದಿನ, ಅವ್ವ ಬೈದ ದಿನ ಎಲ್ಲ ನನ್ನ ಡೈರಿಯಲ್ಲಿ ಸಿಗುತ್ತವೆ. ಅವ್ವ ಬೈಯದ ದಿನಗಳಿಗೆಂದು ಹಿಂದೆ ಒಂದು ಪುಟ ಬಿಟ್ಟಿದ್ದೆ. ಅದರಲ್ಲಿ ಇನ್ನೂ ಬೇಕಾದಷ್ಟು ಜಾಗವಿದೆ. ಇಂಥವಳಿಗೆ ಅಕ್ಕ ತನ್ನ ಉಗುರಿನ ಕೆಲಸ ಒಪ್ಪಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಅಕ್ಕ ನರ್ಸ್. ಕಲಿಯುವಾಗಲೂ ಉಗುರಿಗೆ ಬಣ್ಣ ಹಚ್ಚುವಂತಿರಲಿಲ್ಲ, ಕೆಲಸಕ್ಕೆ ಸೇರಿದ ಮೇಲೂ ಹಚ್ಚುವಂತಿಲ್ಲ. ಓರಗೆಯ ಹುಡುಗಿಯರು ಹಬ್ಬಕ್ಕೊಂದು ಬಣ್ಣ ಹಚ್ಚಿಕೊಂಡು ತಿರುಗುವಾಗ ಇವಳು ಪ್ರತಿ ವಾರ ಉಗುರು ಕತ್ತರಿಸಿಕೊಂಡು ಕೂರುತ್ತಿದ್ದಳು. ಲಗ್ನ ಗೊತ್ತಾದ ದಿನ ಅವಳು ಸೀರೆಯ ಮಾತಾಡಲಿಲ್ಲ, ಒಡವೆಯ ಮಾತಾಡಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, “ಸವಿ, ರಜಾ ಹದಿನೈದ ದಿನ ಅದಾವ ನೋಡ್. ಆ ಹದಿನೈದ ದಿನ ನನ್ನ ಉಗರ ನನ್ನೂವು. ಅಪ್ಪನ ಖಣದ ಬಣ್ಣ ಬರಬೇಕ ಬೇ, ಮತ್ತೇನೂ ಬ್ಯಾಡ” ಎಂದಳು.

ಅಪ್ಪನ ಖಣ ಎಂದರೆ, ನಾವು ಚಿಕ್ಕವರಿದ್ದಾಗ ನಮ್ಮ ಮಗ್ಗದ ಮೇಲೆ ಅಪ್ಪ ನೇಯುತ್ತಿದ್ದ ಧೂಪಛಾಂವ್ ಕುಪ್ಪಸದ ಬಟ್ಟೆ. ಉದ್ದಕ್ಕೆ ಹಾಸಿದ ನೂಲು ಒಂದು ಬಣ್ಣ, ಅಡ್ಡಕ್ಕೆ ಹೊಕ್ಕ ನೂಲು ಇನ್ನೊಂದು ಬಣ್ಣ. ಹೆಸರೇ ಹೇಳುವಂತೆ ಅದರಲ್ಲಿ ಬಿಸಿಲೂ ಇತ್ತು, ನೆರಳೂ ಇತ್ತು. ಅಕ್ಕ ಅದನ್ನು ಹಸಿರು ಎನ್ನುತ್ತಿದ್ದಳು, ನಾನು ನೇರಳೆ ಎನ್ನುತ್ತಿದ್ದೆ. ಜಡೆ ಜಗ್ಗುವವರೆಗೂ ಜಗಳ ಹೋಗುತ್ತಿತ್ತು. ಅಪ್ಪ ಮಗ್ಗ ನಿಲ್ಲಿಸದೆಯೇ, “ಇಬ್ಬರದೂ ಖರೆ. ನೀ ಆ ಕಡೆ ನಿಂತಿ, ಅಕಿ ಈ ಕಡೆ ನಿಂತಾಳ” ಎಂದು ತೀರ್ಪು ಕೊಡುತ್ತಿದ್ದ. ಇಬ್ಬರಿಗೂ ಸಮಾಧಾನವಾಗುತ್ತಿರಲಿಲ್ಲ. ಇಬ್ಬರೂ ಗೆಲ್ಲುವ ಜಗಳದಲ್ಲಿ ಏನು ಸುಖ? ಈಗ ಆ ಬಟ್ಟೆಗೆ ಗಿರಾಕಿ ಇಲ್ಲ, ಅಪ್ಪ ಅದನ್ನು ನೇಯುವುದಿಲ್ಲ.

ಆದರೆ ಆ ಬಣ್ಣ ಪುಡಿಯಾಗಿ ಜಮಖಂಡಿಯ ಬಳೆ ಅಂಗಡಿಗೆ ಬಂದಿತ್ತು. ಹೆಬ್ಬೆರಳಿನಷ್ಟು ಡಬ್ಬಿ, ಒಳಗೆ ಉಗುರಿನ ಮೇಲೆ ತಿಕ್ಕುವ ಬೂದಿಯಂಥ ಪುಡಿ. ಪಾರ್ಲರಿನಲ್ಲಿ ಅದಕ್ಕೆ ಬಣ್ಣ ಒಣಗಿಸುವ ದೀಪ ಗೀಪ ಬೇಕಂತೆ. ಮನೆಯಲ್ಲಿ ಸಾದಾ ನೇಲ್ ಪಾಲಿಷ್ ಮೇಲೆಯೇ ತಿಕ್ಕಿದರೂ ನಡೆಯುತ್ತದೆ ಎಂದು ಅಂಗಡಿಯವಳು ಹೇಳಿದಳು. ಹೇಗೆ ತಿಕ್ಕಬೇಕೆಂದು ಹೇಳಲಿಲ್ಲ.

ನಾನು ನನ್ನ ಉಗುರುಗಳನ್ನೇ ಬಲಿ ಕೊಟ್ಟೆ. ಕೆಂಪಿನ ಮೇಲೆ ತಿಕ್ಕಿದರೆ ಕೆಂಪು ಸ್ವಲ್ಪ ನಾಚಿಕೊಂಡಿತು, ಅಷ್ಟೆ. ಬಿಳಿಯ ಮೇಲೆ ತಿಕ್ಕಿದರೆ ಮೊಸರಿನಲ್ಲಿ ಬೆರಳದ್ದಿದಂತಾಯಿತು. ಕಪ್ಪಿನ ಮೇಲೆ ತಿಕ್ಕಿದಾಗ ನವಿಲಿನ ಕೊರಳು ಎದ್ದು ಬಂತು! ನವಿಲಿನ ಗರಿಯಲ್ಲಿ ನೀಲಿ ಎಂಬ ಬಣ್ಣವೇ ಇಲ್ಲವಂತೆ. ಒಳಗಿರುವುದು ಬರೀ ಕಂದು, ಉಳಿದದ್ದು ಬೆಳಕಿನ ಆಟ ಎಂದು ಸಾಲೆಯಲ್ಲಿ ಓದಿದ್ದೆ. ಆಗ ನಂಬಿರಲಿಲ್ಲ. ನಂಬಲು ನನ್ನ ಉಗುರೇ ಬೇಕಾಯಿತು.

ಇದರ ಗುಟ್ಟೆಲ್ಲ ಹದದಲ್ಲಿದೆ. ಪಾಲಿಷ್ ಹಸಿಯಿದ್ದಾಗ ತಿಕ್ಕಿದರೆ ಪುಡಿ ಕೆಸರಾಗುತ್ತದೆ. ಪೂರ್ತಿ ಒಣಗಿದ ಮೇಲೆ ತಿಕ್ಕಿದರೆ ವಿಭೂತಿಯಂತೆ ಉದುರುತ್ತದೆ. ಮುಟ್ಟಿದರೆ ಬೆರಳಿಗೆ ಅಂಟಬಾರದು, ಆದರೆ ಒಳಗೆ ಇನ್ನೂ ಮೆತ್ತಗಿರಬೇಕು. ಆ ಗಳಿಗೆ ಹಿಡಿಯಬೇಕು. ನಮ್ಮ ಕಡೆ ಹದವಿಲ್ಲದೆ ಯಾವುದು ನಡೆಯುತ್ತದೆ ಹೇಳಿ? ಬೆಲ್ಲಕ್ಕೆ ಹದ, ರೊಟ್ಟಿ ಹಿಟ್ಟಿಗೆ ಹದ, ಬಿತ್ತುವ ನೆಲಕ್ಕೆ ಹದ, ನೂಲಿಗೆ ಹಾಕುವ ಗಂಜಿಗೂ ಹದ. ಆದರೆ ಹದಕ್ಕೆ ಗಡಿಯಾರ ಇರುವುದಿಲ್ಲ. ನಾನು ಗಡಿಯಾರ ಇಟ್ಟುಕೊಂಡು ನಿಮಿಷ ಬರೆದೆ. ಸೆಕೆಗೆ ಒಂದು ಲೆಕ್ಕ, ಫ್ಯಾನಿಗೆ ಇನ್ನೊಂದು ಲೆಕ್ಕ. ಏಳನೆಯ ಸಲಕ್ಕೆ ಬಣ್ಣ ಸರಿಯಾಗಿ ಕೂತಿತು. ಅಕ್ಕ ನನ್ನ ಕಿರುಬೆರಳನ್ನು ಕಿಟಕಿಗೆ ಹಿಡಿದು ಆಚೆ ಈಚೆ ತಿರುಗಿಸಿ, “ಹಸರ” ಎಂದಳು. “ನೇರಳಿ” ಎಂದೆ.

ಅರಿಷಿಣದ ದಿನ ಮುಂಜಾನೆ ಒಳಕೋಣೆಯಲ್ಲಿ ಅಕ್ಕನ ಹತ್ತೂ ಉಗುರಿಗೆ ಕಪ್ಪು ಹಚ್ಚಿ ಮುಗಿಸಿದ್ದೆ. ಪುಡಿ ತಿಕ್ಕಲು ಹದ ಕಾಯುತ್ತಿದ್ದೆ. ಆಗ ಬಾಗಿಲು ತೆರೆದು ಮುಧೋಳದ ಅತ್ತಿ, ಅಂದರೆ ಅಪ್ಪನ ಅಕ್ಕ, ಅರಿಷಿಣದ ಬಟ್ಟಲು ಹಿಡಿದು ಒಳಗೆ ಬಂದರು.

“ಅಯ್ಯ ಶಿವನ! ಇದು ಮದಿಮಗಳ ಕೈಯೋ, ಡಾಂಬರ ರಸ್ತೆಯೋ?”

“ಅತ್ತಿ, ಇದು ಬರೇ ತಳಾ ಐತ್ರಿ. ಮ್ಯಾಲ ಪುಡಿ ತಿಕ್ಕಿದ್ರ ಕರಿ ಕಾಣಂಗಿಲ್ಲ. ಐದ ನಿಮಿಷ ತಡೀರಿ.”

“ಐದ ನಿಮಿಷದಾಗ ಸಾವಳಗಿ ಬೀಗರ ಹೆಣ್ಮಕ್ಕಳು ಒಳಗ ಬರತಾರ. ತಳಾ ಯಾವ್ದು, ಮ್ಯಾಲಿಂದ ಯಾವ್ದು ಅಂತ ಬಾಗಲದಾಗ ನಿಂತ ಒಬ್ಬೊಬ್ಬರಿಗೂ ಹೇಳತಿಯೇನ ನೀ?”

ಅತ್ತಿ ಕೆಟ್ಟವರಲ್ಲ. ಶುಭಕಾರ್ಯದ ಕೈಗೆ ಕಪ್ಪು ಸಲ್ಲದು ಎಂದು ಅವರ ನಂಬಿಕೆ. ಹೊರಗೆ ಟೆಂಪೋ ನಿಂತ ಸಪ್ಪಳವೂ ಆಯಿತು. ನಾನು ಅಕ್ಕನ ಮುಖ ನೋಡಿದೆ. ಹೊಲಿಗೆ ಹಾಕುವಾಗ ರೋಗಿಗಳ ಕೈ ಹಿಡಿದು ‘ಏನೂ ಆಗಂಗಿಲ್ಲ’ ಎನ್ನುತ್ತಾಳಲ್ಲ, ಅದೇ ಮುಖ. ಕೈ ಮುಂದೆ ಚಾಚಿ, “ತಗದಬಿಡು ಸವಿ. ಇರಲಿ. ಕೆಂಪ ಹಚ್ಚು” ಎಂದಳು.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂಬ ಗಾದೆಯಿದೆ. ಉಗುರಿನ ಮೇಲಿನದೇ ಹೋಗದಿದ್ದರೆ ಏನು ಮಾಡಬೇಕೆಂದು ಹಿರಿಯರು ಹೇಳಿಲ್ಲ. ಹತ್ತಿಯನ್ನು ರಿಮೂವರಿನಲ್ಲಿ ಅದ್ದಿ ಎಷ್ಟು ತಿಕ್ಕಿದರೂ ಅಂಚಿನ ಕಪ್ಪು ಹೋಗಲಿಲ್ಲ. ಅದರ ಮೇಲೆಯೇ ಕೆಂಪು ಬಳಿದೆ. ಬೀಗರ ಹೆಣ್ಣುಮಕ್ಕಳು ಬಂದರು, ಅರಿಷಿಣ ಹಚ್ಚಿದರು, ಹಾಡಿದರು. ಪುಡಿಯ ಡಬ್ಬಿ ನನ್ನ ಕೈಯಲ್ಲೇ ಇತ್ತು. ಆಮೇಲೆ ಶಾಸ್ತ್ರಗಳ ಮೇಲೆ ಶಾಸ್ತ್ರ, ಊಟದ ಮೇಲೆ ಊಟ. ಹದಿನೈದು ದಿನ ಎಲ್ಲಿ ಹೋದವೋ ತಿಳಿಯಲಿಲ್ಲ. ಅಕ್ಕ ಉಗುರು ಕತ್ತರಿಸಿಕೊಂಡು ಡ್ಯೂಟಿಗೆ ಹೋದಳು.

ಅತ್ತಿಗೆ ಕೊಡಬೇಕಾಗಿದ್ದ ಉತ್ತರ ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ, ಬಸ್ಸು ಹುನ್ನೂರ ದಾಟುವಾಗ. ‘ಕೊರಳಾಗ ಕಟ್ಟೂದು ಕರಿಮಣಿನ ಅಲ್ಲೇನ್ರಿ ಅತ್ತಿ?’ ಎಂಥ ಉತ್ತರ! ಸೀಟಿನಲ್ಲೇ ಕುಣಿಯುವಂತಾಯಿತು, ಆದರೆ ಕೇಳಲು ಪಕ್ಕದಲ್ಲಿ ಅತ್ತಿ ಇರಲಿಲ್ಲ. ಮಾತಿಗೂ ಹದವಿದೆ. ಒಣಗಿದ ಮೇಲೆ ತಿಕ್ಕಿದರೆ ಅದೂ ಉದುರಿಹೋಗುತ್ತದೆ.

ಸಂಕ್ರಾಂತಿಗೆ ಅಕ್ಕ ತವರಿಗೆ ಬಂದಳು. ಹೊಸ ಮದುವಣಗಿತ್ತಿಗೆ ಮೊದಲ ಸಂಕ್ರಾಂತಿಯಲ್ಲಿ ಕಪ್ಪು ಚಂದ್ರಕಾಳಿ ಸೀರೆ ಉಡಿಸುವುದು ನಮ್ಮಲ್ಲಿ ಪದ್ಧತಿ. ಸೀರೆ ತಂದವರು ಯಾರೆಂದುಕೊಂಡಿರಿ? ಮುಧೋಳದ ಅತ್ತಿಯೇ. ನೆರಿಗೆ ಹಿಡಿದು ಉಡಿಸುತ್ತ ಅವರೇ ಶುರು ಮಾಡಿದರು: “ಏ ಸವಿ, ಆ ನಿನ್ನ ಪುಡಿ ಐತೇನ? ಇವತ್ತ ಕರೀ ನಡೀತೈತಿ. ಹಚ್ಚು.”

ಪುಡಿ ಇತ್ತು, ಕಪ್ಪೂ ಇತ್ತು. ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. “ನಾಳೆ ಮುಂಜಾನೆ ಡ್ಯೂಟಿ ಐತ್ರಿ ಅತ್ತಿ. ಉಗರ ನೋಡತಾರ.”

ಅತ್ತಿ ನೆರಿಗೆ ಸಿಕ್ಕಿಸಿ, ಅಕ್ಕನ ಕಾಲುಂಗುರದ ಕಡೆ ನೋಡಿ, “ಕಾಲಿನೂವು ಯಾರ ನೋಡತಾರ? ಬೂಟಿನಾಗ ಇರತಾವಲ್ಲ” ಎಂದರು.

ಅಂಗಳದ ಕಟ್ಟೆಯ ಮೇಲೆ ಅಕ್ಕನನ್ನು ಕೂರಿಸಿ ನಾನು ಕೆಳಗೆ ಕೂತೆ. “ಹಬ್ಬದ ದಿನಾನೂ ನನ್ನ ಕಾಲ ಮುಟ್ಟಾಕ ಒಲ್ಲೆ ಅಂತಿದ್ದಿ. ಇವತ್ತ ನೋಡ್, ಬಿಡವಲ್ಲಿ” ಎಂದು ಅಕ್ಕ ನಕ್ಕಳು. ಕಿರುಬೆರಳಿನ ಉಗುರು ಅಕ್ಕಿಕಾಳಿನಷ್ಟಿತ್ತು, ಕಡ್ಡಿಯಿಂದ ಹಚ್ಚಿದೆ. ಗಡಿಯಾರ ನೋಡುವುದು ಮರೆತೇಹೋಗಿತ್ತು. ಬೆರಳು ಮುಟ್ಟಿಸಿದೆ, ಹದ ಬಂದಿತ್ತು.

ಅಕ್ಕ ಪಾದವನ್ನು ಬಿಸಿಲಿಗೆ ಚಾಚಿದಳು. “ಹಸರ!” ನಾನು ಅವಳೆದುರು ನೆಲದ ಮೇಲೆ ಕೂತು, “ನೇರಳಿ” ಎಂದೆ. ಅತ್ತಿ ಬಾಗಿಲಿನ ನೆರಳಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದರು. “ನನಗಂತೂ ಕರೀನ ಕಾಣತೈತಿ ಬಿಡ್ರಿ” ಎಂದರು. ಒಳಗೆ ಅಪ್ಪ ಒಬ್ಬನೇ ನಕ್ಕ ಸಪ್ಪಳ ಕೇಳಿತು.

ಮರುದಿನ ನಸುಕಿನಲ್ಲಿ ಅಕ್ಕ ಕಾಲುಚೀಲ ಹಾಕಿ, ಅದರ ಮೇಲೆ ಬಿಳಿ ಬೂಟು ಹಾಕಿ ಲೇಸು ಬಿಗಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಆಗ ಹೊಳೆಯಿತು. ಬೆಳಕಿಲ್ಲದಿದ್ದರೆ ಆ ಪುಡಿಗೆ ಬಣ್ಣವೇ ಇಲ್ಲ. ಇಡೀ ದಿನ, ವಾರ್ಡಿನಿಂದ ವಾರ್ಡಿಗೆ ಅವಳು ಓಡಾಡುವಾಗ, ಆ ಬೂಟಿನೊಳಗೆ ಹತ್ತೂ ಉಗುರು ಕಪ್ಪಾಗಿಯೇ ಇರುತ್ತವೆ. ಆ ಮಟ್ಟಿಗೆ ಅತ್ತಿ ಹೇಳಿದ್ದೂ ಖರೆ. ಆಲ್ಬಮ್ಮಿನ ಕೈಗಳಿಗಂತೂ ಆ ಬಣ್ಣ ಇನ್ನು ಬರುವುದಿಲ್ಲ.

ಸಂಜೆ ಅಕ್ಕನ ಮೆಸೇಜು ಬಂತು. ಡ್ಯೂಟಿ ಮುಗಿಸಿ ಸಾವಳಗಿ ಬಸ್ಸು ಹತ್ತಿದ್ದಳು. “ಕಿಟಕಿ ಸೀಟ ಸಿಕ್ಕೇತಿ. ಬೂಟ ಬಿಚ್ಚೇನಿ. ಬಿಸಲ ಬಿದ್ದೈತಿ. ಹಸರ!”

ನೇರಳಿ ಎಂದು ಬರೆಯಹೋದೆ, ಬೆರಳು ನಿಂತಿತು. ಬಿಸಿಲಿನ ಕಡೆ ಕೂತವಳು ಅವಳು. ‘ಹೌದು, ಹಸರ’ ಎಂದು ಬರೆದೆ. ಜಗಳದಲ್ಲಿ ನಾನು ಸೋತದ್ದು ಇದೇ ಮೊದಲು. ತಾರೀಖು ಬರೆದುಕೊಂಡಿದ್ದೇನೆ.