ಕಟ್ಟೆಯ ಮೇಲೆ ವ್ಯಾಪಾರವಿಲ್ಲ

ಕಳೆದ ವಾರ ಭಾಲ್ಕಿಗೆ ಹೋಗಿ, ಅಪ್ಪನ ಹಳೆಯ ಚಹಾ ಹೋಟೆಲಿನ ಮುಂದೆ ಅಳತೆ ಟೇಪ್ ಹಿಡಿದು ನಿಂತಿದ್ದೆ. ಈ ಸಲದ ಆಸ್ತಿ ತೆರಿಗೆ ತುಂಬಬೇಕಿತ್ತು.

ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಬಾಡಿಗೆದಾರರು ಬಂದು, "ಮೇಡಂ, ಮುಂದಿನ ಕಟ್ಟಿನೂ ಕಮರ್ಷಿಯಲ್ ಅಂತ ಹಾಕ್ರಿ. ಗ್ಲಾಸ್ ಹಾಕಿ ಒಳಗ ತಗೊಳ್ತೇನಿ, ಜಾಸ್ತಿ ಟ್ಯಾಕ್ಸ್ ನಾನೇ ಕೊಡ್ತೇನಿ" ಅಂದರು.

ಆ ಕಟ್ಟೆ...

ಬರ ಬಿದ್ದ ವರ್ಷಗಳವು, ನಾನಿನ್ನೂ ಕಾಲೇಜಿನಲ್ಲಿದ್ದೆ. ಔರಾದ್ ಕಡೆಯವರು, ಖಟಕ ಚಿಂಚೋಳಿಯವರು ಗಂಟುಮೂಟೆ ಸಮೇತ ನಮ್ಮ ಕಟ್ಟೆಯ ಮೇಲೆ ಕೂತು, ಅಲ್ಲೇ ಚಹಾ ಕುಡಿಯುತ್ತ ಹೈದರಾಬಾದ್ ಬಸ್ಸಿಗೆ ಕಾಯುತ್ತಿದ್ದರು.

ಆಗಲೇ ಆಸ್ತಿ ತೆರಿಗೆಯ ಹೊಸ ಕಾನೂನು ಬಂತು. ಅದುವರೆಗೆ ಪುರಸಭೆಯವರು ಹಾಕಿದ್ದೇ ತೆರಿಗೆ. ಇನ್ನು ಮುಂದೆ ನಾವೇ ಅಳೆದು, ವ್ಯಾಪಾರದ ಜಾಗ ಎಷ್ಟು ಅಂತ ನಾವೇ ಬರೆದುಕೊಡಬೇಕು. ಆ ಜಾಗಕ್ಕೆ ದರ ಜಾಸ್ತಿ.

ಕಟ್ಟೆಗೂ ತೆರಿಗೆ ಕಟ್ಟುವಷ್ಟು ಕಮಾಯಿ ಇರಲಿಲ್ಲ. ಅಪ್ಪ ಬರೆದುಕೊಟ್ಟರು: ಕಟ್ಟೆಯ ಮೇಲೆ ವ್ಯಾಪಾರವಿಲ್ಲ.

ಪಕ್ಕದ ಅಂಗಡಿಯವರೂ ಹಾಗೇ ಬರೆದಿದ್ದರು. ಬರೆದು, ಕಟ್ಟೆಯ ಮೇಲೆ ಆರಾಮಾಗಿ ಮಿರ್ಚಿ ಕರಿಯುತ್ತಿದ್ದರು.

ನಮ್ಮಪ್ಪನದು ಬೇರೆಯೇ ತಲೆ. ಗಂಟು ಬಿಟ್ಟು ಒಳಗೆ ಬನ್ನಿ ಅನ್ನಲು ಬಾಯಿ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತವರಿಗೆ ಚಹಾ ಕೊಡುತ್ತಿದ್ದರು, ರೊಕ್ಕ ಮಾತ್ರ ಮುಟ್ಟುತ್ತಿರಲಿಲ್ಲ.

"ಸಹಿ ಮಾಡಿ ಕೊಟ್ಟೀನಿ. ಇನ್ನ ಅಲ್ಲಿ ಹ್ಯಾಂಗ ರೊಕ್ಕ ತಗೊಳ್ಳಲಿ?"

ಅವ್ವನಿಗೆ ರೇಗಿ ಹೋಯಿತು. "ಹಿಂಗೇ ಆದ್ರ ನಾವೂ ಹೋಟೆಲ್ ಮುಚ್ಚಿ ಅವರ ಜೋಡಿ ಬಸ್ ಹತ್ತಬೇಕಾಗ್ತದ ನೋಡ್ರಿ."

ಅದು ತಮಾಷೆಯ ಮಾತಾಗಿರಲಿಲ್ಲ. ಹಾಲಿನವರು ಬಾಕಿಗಾಗಿ ಆಗಲೇ ಮುಖ ಗಂಟಿಕ್ಕಲು ಶುರು ಮಾಡಿದ್ದರು.

ಒಂದು ಬೆಳಿಗ್ಗೆ ಖಟಕ ಚಿಂಚೋಳಿಯ ಹೆಂಗಸೊಬ್ಬಳು ಚಹಾದ ಲೋಟವನ್ನು ಹಾಗೇ ಕೆಳಗಿಟ್ಟಳು. "ಫುಕಟ್ ಚಾ ನಮಗ ಬ್ಯಾಡ್ರಿ ಅಣ್ಣಾ. ನಾವು ದುಡಿಲಿಕ್ಕಿ ಹೊಂಟೀವಿ, ಬೇಡ್ಲಿಕ್ಕಿ ಅಲ್ಲ."

ಅಪ್ಪ ಪಾಪ, ಕೂತು ಕಾನೂನು ವಿವರಿಸಿದರು.

ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೂಸನ್ನು ಸೊಂಟಕ್ಕೇರಿಸಿ, ಲೋಟ ಹಿಡಿದು, ಹೊಸ್ತಿಲು ದಾಟಿ ಒಳಗೆ ಬಂದಳು. "ಇಲ್ಲಿ ನಡೀತದಲ್ರಿ?"

ರೊಕ್ಕ ಕೊಟ್ಟು, ನಿಂತೇ ಕುಡಿದು, ಮತ್ತೆ ಹೋಗಿ ತನ್ನ ಗಂಟಿನ ಪಕ್ಕ ಕೂತಳು.

ಅವಳ ಹಿಂದೆ ಉಳಿದವರೂ ಎದ್ದು ಬಂದರು. ಅಲ್ಲಿಂದ ಅದೇ ರೂಢಿಯಾಯಿತು. ಒಳಗೆ ಕುಡಿಯುವುದು, ಹೊರಗೆ ಕೂರುವುದು. ಹೋಟೆಲ್ ಉಳಿಯಿತು, ಅಪ್ಪನ ಮಾತೂ ಉಳಿಯಿತು. ಅವತ್ತು ಅವ್ವ ಒಲೆ ಮುಂದೆ ನಿಂತು ನಕ್ಕಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕಷ್ಟದ ದಿನಗಳೇ. ಆದರೂ ಆ ಕಟ್ಟೆಯ ಗದ್ದಲ ಈಗಲೂ ಬೇಕೆನಿಸುತ್ತದೆ... ಅಪ್ಪನೂ ಈಗಿಲ್ಲ.

ಟೇಪ್ ಸುತ್ತಿಕೊಂಡೆ. "ಕಟ್ಟಿ ಮ್ಯಾಲ ವ್ಯಾಪಾರ ಇಲ್ಲ ಅಂತನೇ ಬರಿತೇನ್ರಿ" ಅಂದೆ.

"ಖಾಲಿ ಬಿಟ್ರ ಏನ್ ಫಾಯ್ದಾ ಅದ ಮೇಡಂ?" ಅಂದರು ಬಾಡಿಗೆದಾರರು.

ತಿರುಗಿ ನೋಡುತ್ತೇನೆ, ಕಟ್ಟೆಯ ಮೇಲೆ ಯಾರೋ ಅಜ್ಜ ಚೀಲಕ್ಕೆ ಒರಗಿ ತೂಕಡಿಸುತ್ತಿದ್ದಾರೆ.

ನಿಮ್ಮ ಊರಿನಲ್ಲಿ, ಏನೂ ಕೊಳ್ಳದೆ ಸುಮ್ಮನೆ ಕೂತಿರಬಹುದಾದ ಅಂಗಡಿ ಕಟ್ಟೆ ಇನ್ನೂ ಉಳಿದಿದೆಯಾ?