ಅರ್ಧ ತುಂಬಿದ ಪೈಪು

ಪೈಪು ಕೊಯ್ಯದೆ, ತೂತು ಹಾಕದೆ ಒಳಗಿನ ನೀರನ್ನು ಅಳೆಯಬಹುದು. ಆಗ ನನ್ನ ಕೆಲಸ ಅದೇ ಆಗಿತ್ತು. ಪೈಪಿನ ಹೊರಮೈಗೆ ಜೆಲ್ ಹಚ್ಚಿ ಎರಡು ಸೆನ್ಸರ್ ಕಟ್ಟುತ್ತೇವೆ. ಮನುಷ್ಯರ ಕಿವಿಗೆ ಕೇಳದ ಸದ್ದು ನೀರಿನೊಳಗಿಂದ ಒಂದರಿಂದ ಇನ್ನೊಂದಕ್ಕೆ ಹೋಗಿ ಬರುತ್ತದೆ. ಹರಿವಿನ ಜೊತೆ ಹೋಗುವಾಗ ಬೇಗ ಮುಟ್ಟುತ್ತದೆ, ಎದುರು ಬರುವಾಗ ತುಸು ತಡ. ಆ ತಡ ತಿಳಿದರೆ ನೀರಿನ ವೇಗ ತಿಳಿಯಿತು. ವೇಗಕ್ಕೆ ಪೈಪಿನ ಅಳತೆ ಸೇರಿಸಿದರೆ ಎಷ್ಟು ನೀರು ಎಂಬುದೂ ತಿಳಿಯಿತು. ಇಷ್ಟು ಸರಳ ವಿಷಯ ನಂಬದವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು.

ನವಲಗುಂದದ ಕಡೆಯ ನಮ್ಮೂರಿಗೇ ಮೀಟರು ಕಟ್ಟುವ ಸರದಿ ಬಂತು. ಕೊನೆಯ ಓಣಿಗೆ ನೀರು ಮುಟ್ಟುತ್ತಿರಲಿಲ್ಲ. ನೀರು ಬಿಡುವ ಕಾಕಾ ವಾಲ್ವ್ ತಿರುವಿ ತಮಗೆ ಬೇಕಾದವರ ಹೊಲಕ್ಕೆ ಹರಿಸುತ್ತಾರೆಂಬ ಗುಮಾನಿ ಎದ್ದಿತ್ತು. ಊರ ಹೊರಗೆ ಪೈಪು ನೆಲದಿಂದ ಮೇಲೆ ಕಾಣುವ ಜಾಗ ಒಂದೇ. ಅಗೆಯುವ ಶ್ರಮ ಉಳಿಯಿತೆಂದು ಅಲ್ಲೇ ಕಟ್ಟಿದೆ. ಪೂರ್ತಿ ನೀರು ಬರುತ್ತಿದೆ ಎಂದಿತು ಮೀಟರು. ಊರ ನೀರಿನ ಟಾಕಿಗೆ ಬೀಳುತ್ತಿದ್ದದ್ದು ಹೆಚ್ಚೂಕಡಿಮೆ ಅರ್ಧ.

ಕಾಕಾ ಪೈಪಿನ ಮೇಲೆ ಒಂದು ಕಟ್ಟಿಗೆ ಊರಿ ಅದರ ತುದಿಗೆ ಕಿವಿ ಹಚ್ಚಿದರು. ಹಳೆಯ ವಾಟರ್‌ಮ್ಯಾನ್‌ಗಳು ನೀರನ್ನು ಹೀಗೇ ಕೇಳುತ್ತಾರೆ.

"ತಮ್ಮಾ, ಇಲ್ಲಿ ಪೈಪ್ ತುಂಬಿ ಹರಿವಲ್ದು. ಮ್ಯಾಲ ಗಾಳಿ ಐತಿ, ಗೊಳಗೊಳ ಅನ್ನಾಕತ್ತೈತಿ."

"ನಿಮ್ಮ ಕಿವಿಗೆ ಸರ್ಟಿಫಿಕೇಟ್ ಐತೇನ್ರಿ ಕಾಕಾ?" ಎಂದೆ.

ಸುತ್ತ ನಿಂತವರು ನಕ್ಕರು. ಕಾಕಾನೂ ನಕ್ಕರು.

ಗ್ರಾಮಸಭೆಯಲ್ಲಿ ಐದೇ ನಿಮಿಷ ಮಾತಾಡಿದೆ. ಮೀಟರಿಗೆ ಬಂಧುಬಳಗವಿಲ್ಲ, ಸುಳ್ಳು ಹೇಳಿ ಅದಕ್ಕೆ ಆಗಬೇಕಾದ್ದೇನೂ ಇಲ್ಲ. ಮೀಟರಿಗೂ ಟಾಕಿಗೂ ನಡುವೆ ಇರುವುದು ಒಂದೇ ವಾಲ್ವ್, ಅದರ ಕೀಲಿ ಒಬ್ಬರ ಕೈಯಲ್ಲಿ. ಯಾರೆಂದು ನಾನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಚಪ್ಪಾಳೆ ಬಿತ್ತು. ಕಾಕಾನ ಕೈಯಿಂದ ಕೀಲಿ ಇಸಿದುಕೊಂಡರು.

ಹೊಸಬ ಬಂದ. ಕೊನೆಯ ಓಣಿಗೆ ನೀರು ಬರಲಿಲ್ಲ. ಆಗ ಮತ್ತೆ ಹೋಗಿ ನೋಡಿದೆ. ಆ ಜಾಗದಲ್ಲಿ ಪೈಪು ಯಾಕೆ ಮೇಲೆ ಕಾಣುತ್ತಿದೆ ಎಂದು ನಾನು ಕೇಳಿಕೊಂಡಿರಲೇ ಇಲ್ಲ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಉಬ್ಬಿ ಉಬ್ಬಿ ಪೈಪನ್ನು ಡುಬ್ಬದಂತೆ ಎತ್ತಿತ್ತು. ಮೂಲದಿಂದಲೇ ಕಡಿಮೆ ಬರುತ್ತಿದ್ದ ನೀರು ಆ ಡುಬ್ಬದಲ್ಲಿ ತಳ ಹಿಡಿದು ಜೋರಾಗಿ ಓಡುತ್ತಿತ್ತು. ಮೇಲೆಲ್ಲ ಗಾಳಿ. ಮೀಟರು ವೇಗವನ್ನಷ್ಟೇ ನೋಡಿ, ಪೈಪು ತುಂಬಿದೆಯೆಂದು ಹಿಡಿದು ಲೆಕ್ಕ ಹಾಕಿತ್ತು. ಎಲ್ಲಿ ಕಟ್ಟಬೇಕೆಂದು ಆರಿಸಿದವನು ನಾನು.

ಕಾಕಾನ ಮನೆಗೆ ಹೋಗಿ ಹೇಳಿದೆ.

"ನನಗ ಹೇಳಿ ಏನ್ ಮಾಡ್ತೀಪಾ? ನನಗ ಗೊತ್ತೈತಿ," ಅಂದರು. "ಸಾಲ್ಯಾಗ ನನ್ನ ಮೊಮ್ಮಗಳಿಗೆ ನೀರಗಳ್ಳನ ಮೊಮ್ಮಗಳು ಅಂತಾರ. ಸಭಾದಾಗ ಅಂದಿದ್ದಿಯಲ್ಲ? ಸಭಾದಾಗ ಹೇಳು."

ಮುಂದಿನ ಸಭೆಯಲ್ಲಿ ಎದ್ದು ನಿಂತೆ. ಮಣ್ಣು, ಡುಬ್ಬ, ಗಾಳಿ, ನನ್ನ ತಪ್ಪು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಒಬ್ಬ ಸದಸ್ಯರು ತಡೆದರು.

"ಲೇ ತಮ್ಮಾ, ಅವತ್ತು ಮಷೀನ್ ಸುಳ್ಳು ಹೇಳೂದಿಲ್ಲಂತ ಗೆದ್ದಿ. ಇವತ್ತು ಹೇಳ್ತೈತಂತ ಗೆಲ್ಲಾಕ ಬಂದೀ. ಕಾಕಾ ಚಹಾ ಕುಡಿಸ್ಯಾನೇನ?"

"ಕಾಲೇಜಿನ್ಯಾಗ ಅದನ್ನ ಕಲಿಸ್ಯಾರ ಬಿಡ್ರಿ," ಇನ್ನೊಬ್ಬರು ಕೂಗಿದರು. "ಚೀಟಿ ಎತ್ತೂದು. ಪರ ಬಂದ್ರ ಪರ, ವಿರೋಧ ಬಂದ್ರ ವಿರೋಧ!"

ಅದು ನಿಜ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಎರಡೂ ಕಡೆ ಮಾತಾಡಿ ನಾನು ಕಪ್ ತಂದದ್ದು ಊರಿಗೆಲ್ಲ ಗೊತ್ತು. ಬಂದು ಅಗೆದು ನೋಡಿ ಎಂದೆ. ನಿಮ್ಮ ಮೊದಲಿನ ವರದಿ ಮೇಲಕ್ಕೆ ಹೋಗಿದೆ, ಇನ್ನು ಬದಲಿಸಲು ಆಗದು ಎಂದರು ಪಂಚಾಯಿತಿ ಅಧಿಕಾರಿ. ನಾನು ಬಿಡಲಿಲ್ಲ. ಮೊದಲ ಸಲಕ್ಕಿಂತ ಚೆನ್ನಾಗಿಯೇ ಮಾತಾಡಿದೆ. ಮಾತು ಚೆನ್ನಾದಷ್ಟೂ ನಂಬಿಕೆ ಇಳಿಯುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಬೇರೆ ವಿದ್ಯೆ ನನಗೆ ಗೊತ್ತಿರಲಿಲ್ಲ.

ಹಿಂದೆ ಕೂತಿದ್ದ ಕಾಕಾ ಎದ್ದರು. ಬಾಗಿಲ ಬಳಿ ತಮ್ಮ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟರು. ಸಭೆ ಬೀದಿದೀಪದ ವಿಷಯಕ್ಕೆ ಹೋಯಿತು.